ಆಯಿಯ ಬಲಗಣ್ಣು

ಆಯಿ, ಅಂದರೆ ನಮ್ಮ ಅಪ್ಪನ ತಾಯಿ, ಕಣ್ಣಿನ ಆಪರೇಷನ್ನಿಗೆ ಒಪ್ಪಿದ್ದು ಓದುವುದಕ್ಕಲ್ಲ. ಅದು ಆಕೆಗೆ ಬರುತ್ತಲೇ ಇರಲಿಲ್ಲ. ಅಕ್ಕಿಯೊಳಗಿನ ಹರಳು ಆರಿಸುವುದಕ್ಕೂ ಅಲ್ಲ. ಅದನ್ನು ಬೆರಳಿನಿಂದಲೇ ಆರಿಸುತ್ತಿದ್ದಳು. ದಿನಾ ಬೆಳಿಗ್ಗೆ ಸ್ನಾನವಾದ ಮೇಲೆ ಹಣೆಗೆ ವಿಭೂತಿ ಹಚ್ಚಿಕೊಂಡು, ಕೊರಳಿನ ಬೆಳ್ಳಿಯ ಕರಡಿಗೆಯಿಂದ ಲಿಂಗವನ್ನು ತೆಗೆದು ಎಡ ಅಂಗೈಯ ಮೇಲಿಟ್ಟು, ರೆಪ್ಪೆ ಬಡಿಯದೆ ನೋಡುತ್ತ ಕೂಡುವುದು ಆಕೆಯ ಪೂಜೆ. ಆ ನೋಟ ಮುಗಿಯುವ ತನಕ ಒಂದು ಗುಟುಕು ನೀರೂ ಇಲ್ಲ. ನಮ್ಮ ಲಿಂಗಾಯತರ ಮನೆಗಳಲ್ಲಿ ಇದು ಹೊಸದೇನಲ್ಲ. ಆದರೆ ಅಪ್ಪ ಗಿರಣಿಯ ಭೋಂಗಾ ಕೂಗುವುದರೊಳಗೆ ಪೂಜೆ ಮುಗಿಸಿ ಆಫೀಸಿಗೆ ಓಡುವವರು, ಅವ್ವ ಒಲೆಯ ಮುಂದೆಯೇ ಕಣ್ಣಿಗೊತ್ತಿಕೊಳ್ಳುವವಳು. ಮುಂಬಯಿಯ ಪರೇಲಿನ ನಮ್ಮ ಒಂದು ಖೋಲಿಯ ಚಾಳಿನ ಮನೆಯಲ್ಲಿ, ಎಲ್ಲರ ಓಡಾಟದ ನಡುವೆ ಗೋಡೆಗೆ ಮುಖ ಮಾಡಿ ಕುಳಿತು, ನೋಡುವುದನ್ನೇ ಒಂದು ಕೆಲಸವಾಗಿ ಮಾಡುತ್ತಿದ್ದವಳು ಆಯಿ ಒಬ್ಬಳೇ.

ಕಣ್ಣು ಮಂದವಾಗುತ್ತ ಬಂದದ್ದನ್ನು ಆಕೆ ಯಾರಿಗೂ ಹೇಳಿರಲಿಲ್ಲ. ಒಂದು ಮುಂಜಾನೆ ಪೂಜೆಯ ನಡುವೆ ಅಪ್ಪನನ್ನು ಕರೆದಳು.

"ಬಸವಂತಾ, ಲಿಂಗ ಕಾಣವಲ್ದೋ. ಅಂಗೈಯಾಗ ಬರೇ ಹೊಗಿ ಐತಿ."

"ಹೋದ ವರ್ಷನ ಡಾಕ್ಟರ ಕಡೆ ಹೋಗೂಣು ಅಂದ್ರ ಚಾಕೂ ಹಚ್ಚಗೊಡೂದಿಲ್ಲ ಅಂದಿದ್ದೆಲ್ಲ ಎವ್ವಾ?"

"ಹೋದ ವರ್ಷ ಕಾಣತಿತ್ತು. ಈಗ ಹಚ್ಚಲಿ ನಡಿ."

ಹೀಗೆ ನಾವು ಗ್ರಾಂಟ್ ರೋಡಿಗೆ ಬಂದೆವು. ಸ್ಟೇಷನ್ನಿನಿಂದ ಸ್ವಲ್ಪ ಒಳಗೆ, ಹಳೆಯ ಬಿಲ್ಡಿಂಗೊಂದರ ಎರಡನೆಯ ಮಾಳಿಗೆಯಲ್ಲಿ ಆ ಸಣ್ಣ ಕಣ್ಣಿನ ಆಸ್ಪತ್ರೆ ಇತ್ತು. ಡಾಕ್ಟರು ವಯಸ್ಸಾದ ಪಾರ್ಸಿ. ತಲೆಯ ಮೇಲೆ ಕಪ್ಪು ಟೋಪಿ, ಮಾತಿನ ನಡುವೆ ಗಂಟಲು ಸರಿಪಡಿಸಿಕೊಳ್ಳುವ ಅಭ್ಯಾಸ. ಮೊದಲು ಬಲಗಣ್ಣು, ಅದು ಚೆನ್ನಾಗಿ ವಾಸಿಯಾದ ಮೇಲೆ ಎಡಗಣ್ಣು ಅಂದರು. ನಾನು ಬಿ.ಎ. ಮುಗಿಸಿ ಮನೆಯಲ್ಲಿದ್ದೆ. ಆಯಿಯ ಹತ್ತಿರ ಉಳಿಯುವ ಕೆಲಸ ತಾನಾಗಿ ನನ್ನ ಪಾಲಿಗೆ ಬಂತು. ಬೇಸರವಾಗಲಿಲ್ಲ. ಮಲಗಿದವರ ಪಕ್ಕದಲ್ಲಿ ಕೂಡುವುದು, ಯಾರ ಜೊತೆಗೂ ಹೆಚ್ಚು ಮಾತಾಡಬೇಕಾಗದ ಕೆಲಸ ಎಂದುಕೊಂಡಿದ್ದೆ.

ಆಪರೇಷನ್ ಸರಾಗವಾಗಿ ಮುಗಿಯಿತು. ಪೊರೆ ಒಡೆಯದೆ ಇಡಿಯಾಗಿ ಬಂತೆಂದು ಡಾಕ್ಟರು ಬಹಳ ಖುಷಿಯಾಗಿದ್ದರು. ಆಯಿಯ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ, ತಲೆ ಅಲುಗದಂತೆ ಎರಡೂ ಬದಿಗೆ ಮರಳಿನ ಚೀಲ ಇಟ್ಟು ಮಲಗಿಸಿದರು. ವಾರ್ಡಿನ ಸಿಸ್ಟರು ಮಂಗಳೂರಿನ ಕಡೆಯವರು. ನಿಯಮ ಹೇಳುವಾಗ ಅವರ ದನಿ ಶಾಲೆಯ ಟೀಚರಿನಂತಾಗುತ್ತಿತ್ತು.

"ಅಜ್ಜೀ, ಕೆಮ್ಮಬಾರ್ದು, ಸೀನಬಾರ್ದು, ನಗಬಾರ್ದು. ಪಟ್ಟಿಗೆ ಕೈ ತಾಗಿಸ್ಲೇ ಬಾರ್ದು, ಆಯ್ತಾ?"

"ಉಸರಾ ಬಿಡಬಹುದೇನವಾ?"

"ಸಣ್ಣಕ್ಕೆ ಬಿಡಿ," ಎಂದರು ಸಿಸ್ಟರು. ಅವರಿಗೇ ನಗು ಬಂದು ಹೊರಗೆ ಹೋದರು.

ತೊಂದರೆ ಎಂದರೆ ಪೂಜೆ. ಆಪರೇಷನ್ನಿಗೆ ಮೊದಲು ಸ್ಪಿರಿಟಿನಿಂದ ಹಣೆ ಒರೆಸಿದ್ದರಲ್ಲ, ಬರಿ ಹಣೆ ಆಯಿಗೆ ಸಂಕಟ. ಕಣ್ಣು ಕಟ್ಟಿರುವಾಗ ಲಿಂಗ ನೋಡುವುದು ಹೇಗೆ, ನೋಡದೆ ಉಣ್ಣುವುದು ಹೇಗೆ? ನಾನೇ ಕರಡಿಗೆ ಬಿಚ್ಚಿ ಲಿಂಗವನ್ನು ಅಂಗೈಯಲ್ಲಿಟ್ಟು, "ಮುಟ್ಟಿ ಪೂಜಿ ಮಾಡು ಆಯಿ," ಅಂದೆ. ಬೆರಳಾಡಿಸಿ ನಿಟ್ಟುಸಿರು ಬಿಟ್ಟಳು. "ಕುರುಡಿ ಪೂಜಿ," ಎಂದು ಗೊಣಗಿ ಹಾಲು ಕುಡಿದಳು. ಅಷ್ಟಕ್ಕೆ ಒಪ್ಪಿಕೊಂಡಳೆಂದೇ ನಾನು ತಿಳಿದೆ.

ಒಂದು ಬೆಳಿಗ್ಗೆ ಸರಕಾರಿ ಆರೇ ಡೇರಿಯ ಹಾಲಿನ ಬಾಟಲಿ ತರಲು ಕೆಳಗಿಳಿದು ಸಾಲಿನಲ್ಲಿ ನಿಂತು ಬಂದೆ. ಮರಳಿ ಬಂದಾಗ ಆಯಿ ಹೇಗೆ ಮಲಗಿಸಿದ್ದೆನೋ ಹಾಗೆಯೇ ಇದ್ದಳು. ಕೈ ಎದೆಯ ಮೇಲೆ. ಮುಖದಲ್ಲಿ ಮಾತ್ರ ಏನೋ ಸಂತೋಷ, ಗುಟ್ಟಾಗಿ ಬೆಲ್ಲ ತಿಂದ ಮಕ್ಕಳದ್ದು ಇರುತ್ತದಲ್ಲ, ಅಂಥದ್ದು. ಚೆನ್ನಾಗಿ ನಿದ್ದೆಯಾಗಿದೆ ಎಂದುಕೊಂಡೆ.

ಸಂಜೆಗೆ ಕಣ್ಣು ಚುಚ್ಚುತ್ತದೆ ಅಂದಳು. ಮರುದಿನ ಬೆಳಗಾಗುವುದರೊಳಗೆ ಬಲಗಡೆಯ ತಲೆಯೆಲ್ಲ ಸಿಡಿಯತೊಡಗಿತ್ತು. ಆದರೂ ಬಾಯಿ ಬಿಟ್ಟು ನರಳಲಿಲ್ಲ. ಹಾಸಿಗೆಯ ಅಂಚನ್ನು ಹಿಡಿದುಕೊಂಡು ಮಲಗಿದ್ದಳು. ಡಾಕ್ಟರು ಬಂದು ಪಟ್ಟಿ ಬಿಚ್ಚಿಸಿದರು. ರೆಪ್ಪೆ ಹಣ್ಣಿನಂತೆ ಊದಿತ್ತು. ಟಾರ್ಚು ಹಿಡಿದು ರೆಪ್ಪೆ ಬಿಡಿಸಿದಾಗ ನನಗೂ ಕಂಡಿತು: ಬಿಳಿಭಾಗವೆಲ್ಲ ರಕ್ತಗೆಂಪು, ಕಪ್ಪುಗುಡ್ಡೆಯ ಮೇಲೆ ಹಬೆ ಹಿಡಿದ ಗಾಜಿನ ಮಬ್ಬು, ಅದರ ತಳದಲ್ಲಿ ಮೊಸರಿನ ಗೆರೆಯಂಥದ್ದು.

"ಪಸ್," ಎಂದರು ಡಾಕ್ಟರು. ಟೋಪಿಯನ್ನು ಹಿಂದಕ್ಕೆ ಸರಿಸಿಕೊಂಡರು. "ಮಾಜಿ, ಹಾಥ್ ಲಗಾಯಾ ಥಾ?"

ಕೈ ಹಚ್ಚಿದ್ದಿಯಾ ಎಂದು ನಾನು ಕೇಳಿದೆ.

"ನಾ ಯಾಕ ಹಚ್ಚಲಿ?" ಎಂದಳು ಆಯಿ.

ಡಾಕ್ಟರು ಸಿಸ್ಟರನ್ನು ಬಾಗಿಲ ಹತ್ತಿರ ಕರೆದುಕೊಂಡು ಹೋಗಿ ಕೆಳದನಿಯಲ್ಲಿ ವಿಚಾರಿಸಿದರು. ಔಷಧದ ಬಾಟಲಿ ಯಾವುದು, ಹತ್ತಿ ಕುದಿಸಿತ್ತೇ, ಯಾರು ಕಟ್ಟಿದ್ದು. ಸಿಸ್ಟರ ಮುಖ ಕೆಂಪಾಯಿತು. ಆಮೇಲೆ ಡಾಕ್ಟರು ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದರು: ಔಷಧ ಶುರು ಮಾಡುತ್ತೇನೆ. ಆದರೆ ಉರಿಯೂತ ಯಾತರಿಂದ ಬಂತೆಂದು ತಿಳಿಯುತ್ತಿಲ್ಲ. ಹೊಲಿಗೆ ಹಸಿಯಾಗಿರುವಾಗ ರೆಪ್ಪೆ ಮಡಚಿ ಹುಡುಕಲು ಭಯ. ಗಾಯ ಬಿಚ್ಚಿಕೊಂಡರೆ ಕಣ್ಣು ಅಲ್ಲಿಗೇ ಮುಗಿಯಿತು. ಕೀವು ಇಳಿಯದಿದ್ದರೆ ಈ ಕಣ್ಣನ್ನೇ ತೆಗೆಯಬೇಕಾಗುತ್ತದೆ, ಇಲ್ಲವಾದರೆ ಇನ್ನೊಂದಕ್ಕೂ ಅಪಾಯ.

"ಏನಂತ ಅಂವಾ?" ಎಂದು ಆಯಿ ಕೇಳಿದಳು.

ನಾನು ಹೇಳಿದೆ. ಸುಳ್ಳು ಹೇಳುವಷ್ಟು ಜಾಣತನ ನನಗೆ ಆ ಹೊತ್ತಿಗೆ ಹೊಳೆಯಲಿಲ್ಲ.

"ತೆಗೀತಾನಂತ? ಅದೇನ ಬದನೀಕಾಯಿ ಏನ ಗಿಡದಾಗಿಂದು?" ಎಂದಳು. ಆದರೆ ಹಾಸಿಗೆಯ ಅಂಚು ಹಿಡಿದ ಕೈ ಇನ್ನಷ್ಟು ಬಿಗಿಯಾಯಿತು.

ಹೊಸ ಪಟ್ಟಿ ಕಟ್ಟಿ ಎಲ್ಲರೂ ಹೋದ ಮೇಲೆ, ತಟ್ಟೆಯಲ್ಲಿ ಬಿದ್ದಿದ್ದ ಹಳೆಯ ಪಟ್ಟಿಯನ್ನು ಎತ್ತಿಡಲು ಹೋದೆ. ಬದಿಯ ಅಂಚಿನ ಒಳಮಗ್ಗುಲಿಗೆ ಬೂದುಬಣ್ಣದ ಗುರುತುಗಳಿದ್ದವು. ಮೂರು. ಒಂದರ ಪಕ್ಕ ಒಂದು, ಬೆರಳಿನ ಅಗಲದವು. ತಿರುಗಿ ಆಯಿಯ ಹಣೆ ನೋಡಿದೆ. ಸ್ಪಿರಿಟಿನಿಂದ ಒರೆಸಿದ್ದ ಹಣೆಯ ಮೇಲೆ ವಿಭೂತಿಯ ಮೂರು ಗೆರೆಗಳು, ಸ್ವಲ್ಪ ಸೊಟ್ಟಗೆ, ಪಟ್ಟಿಯ ಕೆಳಗೆ ಅರ್ಧ ಮರೆಯಾಗಿದ್ದವು. ಅಂಥ ಮುದುಕಿಯ ಹಣೆಯ ಮೇಲೆ ವಿಭೂತಿ ಇರುವುದು ಎಷ್ಟು ಸಹಜವೆಂದರೆ, ನಮಗ್ಯಾರಿಗೂ ಅದು ಕಂಡೇ ಇರಲಿಲ್ಲ.

ಸ್ಟೂಲು ಎಳೆದುಕೊಂಡು ಆಯಿಯ ಕಿವಿಯ ಹತ್ತಿರ ಬಾಗಿದೆ.

"ಆಯಿ, ಪಟ್ಟಿ ಎತ್ತಿ ನೋಡಿದಿ ಹೌದಲ್ಲೊ?"

ಆಯಿಯ ತುಟಿ ಮಾತ್ರ ಅಲುಗಿತು.

"ಒಂದ ಸಲ, ಯವ್ವಾ. ಒಂದ ಸಲ ಅಷ್ಟ. ದಿಂಬಿನ ಬುಡಕ ವಿಭೂತಿ ಉಂಡಿ ಇತ್ತು. ಹಣಿಗಿ ಹಚ್ಚಿಕೊಂಡು, ಹಂಗ ಸ್ವಲ್ಪ ಪಟ್ಟಿ ಎತ್ತಿ, ಲಿಂಗ ಎದಿ ಮ್ಯಾಲ ಹಿಡದ ನೋಡಿದ್ನಿ."

"ಕಾಣಿಸ್ತೇನು?"

ಇದನ್ನು ಯಾಕೆ ಕೇಳಿದೆನೋ ಗೊತ್ತಿಲ್ಲ. ಸಿಟ್ಟು ಮಾಡಬೇಕಿತ್ತು. ಆದರೆ ಆಯಿಯ ಮುಖ, ಆ ನೋವಿನಲ್ಲೂ, ನಿನ್ನೆ ಬೆಳಗಿನಂತೆಯೇ ಆಯಿತು.

"ಆಕಾರ ಸರಿ ಕಾಣಲಿಲ್ಲ. ಖರೆ ಕರಿ ಬಣ್ಣ ಕಂಡಿತು ನೋಡು. ಮಂಜ ಇಲ್ಲದ ಕರಿ! ಅಂಥಾ ಕರಿ ನೋಡಿ ಎಷ್ಟ ವರ್ಷ ಆಗಿತ್ತ."

"ಅದ ಬೂದಿ ಹತ್ತಿದ ಕೈಲೆ ಪಟ್ಟಿ ಎತ್ತಿದಿ. ಕಣ್ಣಾಗ ಬಿದ್ದದ. ಡಾಕ್ಟರಿಗೆ ಹೇಳಬೇಕು."

"ಬ್ಯಾಡ." ಆಕೆ ನನ್ನ ಕೈ ಹಿಡಿದಳು. "ಲಿಂಗ ನೋಡಾಕ ಹೋಗಿ ಕಣ್ಣ ಕಳಕೊಂಡ್ಳು ಅಂತ ನಾಳಿ ಚಾಳಿನ ಮಂದಿ ಅಂತಾರ. ಕಣ್ಣ ಹೋದ್ರ ಹೋಗ್ಲಿ. ಲಿಂಗಪ್ಪನ ಮ್ಯಾಲ ಮಾತ ಬರಬಾರದು."

ಹಿಡಿದ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು, ಪಟ್ಟಿಯನ್ನು ಎತ್ತಿಕೊಂಡು ಹೊರಗೆ ಬಂದೆ.

ಡಾಕ್ಟರ ಕೋಣೆಯ ಬಾಗಿಲು ತೆರೆದಿತ್ತು. ಸಿಸ್ಟರು ಒಳಗೆ ನಿಂತಿದ್ದರು. ಹೇಳಬೇಕಾದ ವಾಕ್ಯವನ್ನು ಕಾರಿಡಾರಿನಲ್ಲೇ ಇಂಗ್ಲಿಷಿನಲ್ಲಿ ಜೋಡಿಸಿಕೊಂಡಿದ್ದೆ, ವ್ಯಾಕರಣ ಸಹಿತ. ಡಾಕ್ಟರು ತಲೆಯೆತ್ತಿ ನೋಡಿದ ಕೂಡಲೇ ಅದು ಮಾಯವಾಯಿತು. ನಾಲ್ಕು ಜನರೆದುರು ನನಗೆ ಯಾವಾಗಲೂ ಹೀಗೇ. ಕೈ ಚಾಚಿ ಪಟ್ಟಿಯನ್ನು ಮೇಜಿನ ಮೇಲಿಟ್ಟೆ. ಮೂರು ಗುರುತುಗಳು ಮೇಲೆ ಬರುವಂತೆ.

"ಪೌಡರ್?" ಎಂದರು ಅವರು.

"ರಾಖ್, ಬೂದಿ," ಎಂದೆ. ಮೂರು ಬೆರಳನ್ನು ನನ್ನ ಹಣೆಯ ಮೇಲೆ ಎಳೆದು, ಅದೇ ಬೆರಳಿನಿಂದ ಇಲ್ಲದ ಪಟ್ಟಿಯನ್ನು ಎತ್ತಿ ತೋರಿಸಿದೆ. "ಪೂಜಾ." ಆ ಮೇಲೆ ಹೇಗೋ ಬಾಯಿ ಬಂತು. ಲಿಂಗದ ವಿಷಯ, ಆಯಿಯ ಭಯದ ವಿಷಯ, ಹಿಂದಿ ಇಂಗ್ಲಿಷು ಕನ್ನಡ ಎಲ್ಲ ಕಲಸಿ ಹೇಳಿಬಿಟ್ಟೆ.

ಅವರು ಬೈಯುತ್ತಾರೆಂದು ಕಾದೆ. ಅವರು ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, ಟೋಪಿ ತೆಗೆದು, ತಮ್ಮ ಹಣೆಯನ್ನು ಮುಟ್ಟಿಕೊಂಡರು. ನಮ್ಮ ಅಗ್ನಿಗುಡಿ ಅಗಿಯಾರಿಯಲ್ಲೂ ಬೆಂಕಿಯ ಬೂದಿ ಕೊಡುತ್ತಾರೆ, ಇಲ್ಲಿ ಹಚ್ಚಿಕೊಳ್ಳುತ್ತೇವೆ; ನನ್ನ ತಾಯಿ ಪರೀಕ್ಷೆಯ ದಿನ ಹಚ್ಚಿ ಕಳಿಸುತ್ತಿದ್ದಳು, ಎಂದರು. ಆಮೇಲೆ, "ಲೇಕಿನ್ ಯಹಾಂ," ಎಂದು ಹಣೆ ತೋರಿಸಿ, "ವಹಾಂ ನಹೀಂ," ಎಂದು ಕಣ್ಣು ತೋರಿಸಿ ಎದ್ದರು.

ಸಿಸ್ಟರು ನನ್ನ ಪಕ್ಕದಲ್ಲಿ ಹಾದುಹೋಗುವಾಗ ಉಸಿರು ಬಿಟ್ಟು ಹೇಳಿದರು: "ನಿಮ್ಮ ಅಜ್ಜಿ ನನ್ನ ಜೀವ ತೆಗೀಲಿಕ್ಕೇ ಬಂದದ್ದು ಮಾರಾಯ್ತಿ. ನೀವು ಬಾಯಿ ಬಿಟ್ಟದ್ದು ಒಳ್ಳೇದಾಯ್ತು. ನಾನು ನಿಮ್ಗೆ ಮಾತೇ ಬರುದಿಲ್ಲ ಅಂತ ಗ್ರಹಿಸಿದ್ದೆ."

ಏನು ಹುಡುಕಬೇಕೆಂದು ತಿಳಿದ ಮೇಲೆ ಡಾಕ್ಟರ ಕೈ ಬೇರೆಯೇ ಆಯಿತು. ಕಣ್ಣು ಮರಗಟ್ಟುವ ಹನಿ ಬಿಟ್ಟು, ಉಗುರು ಬೆಚ್ಚಗಿನ ಉಪ್ಪುನೀರನ್ನು ಸಣ್ಣ ಧಾರೆಯಾಗಿ ಬಿಡುತ್ತ, ಮೇಲಿನ ರೆಪ್ಪೆಯನ್ನು ಕೂದಲೆಳೆಯಷ್ಟು ಎತ್ತಿ, ಅದರ ಮಡಿಕೆಯೊಳಗಿನಿಂದ ಬೂದಿಯ ಕಣಗಳನ್ನು ತೊಳೆದು ತೆಗೆದರು. ಹತ್ತಿಯ ಮೇಲೆ ಅವು ಒಂದು ಚಿಟಿಕೆ ಮೆಣಸಿನ ಪುಡಿಯಷ್ಟೂ ಇರಲಿಲ್ಲ. ಪೆನಿಸಿಲಿನ್ ತೋಳಿಗೂ ಕೊಟ್ಟರು, ಕಣ್ಣಿನ ಬಿಳಿಪೊರೆಯ ಕೆಳಗೂ ಕೊಟ್ಟರು. ಎರಡನೆಯದನ್ನು ನಾನು ನೋಡಲಿಲ್ಲ. ಆಯಿಯ ಕಾಲು ಹಿಡಿದುಕೊಂಡು ಗೋಡೆಯ ಕಡೆ ತಿರುಗಿದ್ದೆ. ಪಾಪೆ ಅಂಟಿಕೊಳ್ಳದಿರಲೆಂದು ಅಟ್ರೋಪಿನ್ ಮುಲಾಮು. ಕಾವು ಕೊಡುವ ಕೆಲಸ ನನಗೆ. ಕಟ್ಟಿಗೆಯ ಚಮಚಕ್ಕೆ ಹತ್ತಿ ಸುತ್ತಿ, ಕುದಿಯುವ ನೀರಿನಲ್ಲಿ ಅದ್ದಿ, ಮುಚ್ಚಿದ ಕಣ್ಣಿಗೆ ಮುಟ್ಟಿಯೂ ಮುಟ್ಟದಂತೆ ಹಬೆ ಹಿಡಿಯುವುದು. ಆರಿದರೆ ಮತ್ತೆ ಅದ್ದುವುದು.

"ಕೈ ಭಾಳ ಸೂಕ್ಷ್ಮ ಅದ ನಿಂದು," ಎನ್ನುತ್ತಿದ್ದಳು ಆಯಿ. "ರೊಟ್ಟಿ ಬಡಿಯೂದು ಮಾತ್ರ ಯಾಕ ಬರೂದಿಲ್ಲೊ."

ಅಪ್ಪ ಸುದ್ದಿ ತಿಳಿದು ಆಫೀಸಿನಿಂದ ನೇರವಾಗಿ ಬಂದರು. ಬಾಗಿಲಲ್ಲೇ ಶುರು ಮಾಡಿದರು. "ಎವ್ವಾ, ಸಣ್ಣ ಕೂಸೇನ ನೀನು? ಕೈ ಕಟ್ಟಿ ಹಾಕಬೇಕಿತ್ತೇನು?" ಆಯಿ ನಿದ್ದೆ ಬಂದವಳಂತೆ ಮಲಗಿದಳು. ಅಪ್ಪ ಬೈಯುವುದನ್ನು ನಿಲ್ಲಿಸುವ ತನಕ ಏಳಲಿಲ್ಲ. ಬೈದು ಮುಗಿದ ಮೇಲೆ ಅಪ್ಪ ಕಿಟಕಿಯ ಹತ್ತಿರ ಹೋಗಿ ಬಹಳ ಹೊತ್ತು ಮೂಗು ಒರೆಸಿಕೊಳ್ಳುತ್ತ ನಿಂತರು.

ಆ ಸಂಜೆಯೇ ಹಾಲಿನ ಇಂಜೆಕ್ಷನ್, ಕೀವಿಗೆ ಆಗಿನ ಕಾಲದ ಚಿಕಿತ್ಸೆ. ಸಿಸ್ಟರು ಹಾಲನ್ನು ಗಾಜಿನ ನಳಿಗೆಯಲ್ಲಿ ಕುದಿಸಿ ಆರಿಸಿ ಸಿರಿಂಜಿಗೆ ತುಂಬಿಕೊಂಡು ಬಂದರು. ಏನೆಂದು ನಾನು ಆಯಿಗೆ ಹೇಳಿದೆ.

"ಹಾಲ ಚುಚ್ಚತಾರ? ಯಾಕ, ಬಾಯಿ ಇಲ್ಲೇನ ನನಗ?"

"ಬಾಯಲ್ಲಿ ಕುಡಿದ್ರೆ ಜ್ವರ ಬರುದಿಲ್ಲ ಅಜ್ಜಿ. ಚುಚ್ಚಿದ್ರೆ ಬರ್ತದೆ. ಜ್ವರ ಬಂದ್ರೆ ನಿಮ್ಮ ಮೈ ಎದ್ದು ಕೀವಿನ ಹತ್ರ ಜಗಳಕ್ಕೆ ಹೋಗ್ತದೆ."

"ಜಗಳಕ್ಕ ನನಗ ಹಾಲ ಯಾಕ ಬೇಕು?" ಎಂದಳು ಆಯಿ. ಮಗ್ಗುಲು ತಿರುಗಿಸುವಾಗ ಮತ್ತೆ ಕೇಳಿದಳು. "ಆರೇ ಬಾಟಲೀದ್ದೇನು, ಎಮ್ಮಿ ತಬೇಲಾದ್ದೇನು?"

"ನಿಮ್ಮ ಮೊಮ್ಮಗಳು ತಂದದ್ದೇ."

"ಹಂಗಾದ್ರ ನೀರ ಬೆರೆತಿರೂದಿಲ್ಲ. ಚುಚ್ಚು."

ಜ್ವರ ಬಂತು. ಹಲ್ಲು ಕಟಕಟಿಸಿ, ಹೊದಿಕೆಯೆಲ್ಲ ಬೆವರಾಗಿ ಇಳಿಯಿತು. ಒಂದು ದಿನ ಬಿಟ್ಟು ಮತ್ತೆ ಚುಚ್ಚಿದರು. ಕೀವಿನ ಗೆರೆ ಇದ್ದಲ್ಲೇ ಇತ್ತು. ಏರಲೂ ಇಲ್ಲ, ಇಳಿಯಲೂ ಇಲ್ಲ. ಡಾಕ್ಟರು ದಿನಕ್ಕೆರಡು ಸಲ ಟಾರ್ಚು ಹಿಡಿದು ನೋಡಿ, ಗಂಟಲು ಸರಿಪಡಿಸಿಕೊಂಡು, ಏನೂ ಹೇಳದೆ ಹೋಗುತ್ತಿದ್ದರು. ಅವರ ಬೂಟಿನ ಸಪ್ಪಳ ಕೇಳಿದಾಗಲೆಲ್ಲ ಕಣ್ಣು ತೆಗೆಯುವ ಮಾತು ಇವತ್ತು ಬರುತ್ತದೇನೋ ಎಂದು ಸ್ಟೂಲು ಬಿಟ್ಟು ಎದ್ದು ನಿಲ್ಲುತ್ತಿದ್ದೆ. ಆಯಿ ತನ್ನ ನೋವಿನ ಮಾತು ಆಡುತ್ತಿರಲಿಲ್ಲ. ಆದರೆ ಲಿಂಗವನ್ನು ಮುಟ್ಟುವುದನ್ನೂ ಬಿಟ್ಟಿದ್ದಳು. ಕರಡಿಗೆ ಬಿಚ್ಚಲೇ ಎಂದು ಕೇಳಿದರೆ ಮುಖ ತಿರುಗಿಸುವಳು. ಪೂಜೆಯಿಲ್ಲ, ಆದ್ದರಿಂದ ಊಟವೂ ಇಲ್ಲ. ಸಿಸ್ಟರು ಗದರಿಸಿ ಎರಡು ಚಮಚ ಗಂಜಿ ಕುಡಿಸಿದರೆ ಹೆಚ್ಚು.

ಅಪ್ಪ ಹೋಗಿ ಚನ್ನಬಸಯ್ಯನವರನ್ನು ಕರೆದುಕೊಂಡು ಬಂದರು. ಇವರು ನಮ್ಮ ಅಯ್ಯನವರು, ಜಂಗಮರು. ಪರೇಲಿನಲ್ಲಿ ನಮ್ಮ ಚಾಳಿನ ಹಿಂದೆ ಖಾನಾವಳಿ ನಡೆಸುತ್ತಾರೆ. ಬಿಜಾಪುರದಿಂದ ಗಿರಣಿಗೆ ಬಂದ ಗಂಡಸರೆಲ್ಲ ಅವರ ರೊಟ್ಟಿ ತಿಂದೇ ಬದುಕುವುದು. ಕಂಕುಳಲ್ಲಿ ಡಬ್ಬಿ ಹಿಡಿದು ವಾರ್ಡಿಗೆ ಬಂದವರು, ಸ್ಟೂಲಿನ ಮೇಲೆ ದಪ್ಪನೆ ಕುಳಿತರು.

"ಕಾಶವ್ವ, ಶರಣು. ಉಪಾಸ ಬಿದ್ದಿ ಅಂತ ಕೇಳಿದೆ. ನಮ್ಮ ಖಾನಾವಳಿ ಮುಚ್ಚಸಬೇಕಂತ ಮಾಡಿಯೇನು?"

"ಅಯ್ಯಾರ," ಎಂದಳು ಆಯಿ. "ನಾ ನೋಡಬಾರದ ಹೊತ್ತಿನ್ಯಾಗ ನೋಡಿದ್ನಿರಿ. ಈಗ ಮಂದಿ ಲಿಂಗಪ್ಪನ್ನ ಬೈತಾರ."

"ಯಾರ ಬೈತಾರ? ಬೂದಿ ಕೈಲೆ ಕಣ್ಣ ತಿಕ್ಕೊಂಡ್ಳು ಅಂತಾರ. ಒಲಿ ಮುಂದ ಕುಂಡ್ರೂ ಹೆಣಮಕ್ಕಳು ದಿನಾ ಮಾಡೂದ ಅದು. ಲಿಂಗ ಏನ ಮಾಡೀತು ನಡುವ?"

"ಮತ್ತ ನೋಡದ ಪೂಜಿ ಹೆಂಗ ಆಗತದರಿ?"

ಅಯ್ಯನವರು ಸ್ವಲ್ಪ ಯೋಚಿಸಿದರು. ಗಡ್ಡ ಕೆರೆದುಕೊಂಡು ಅಂದರು: "ಇಷ್ಟ ವರ್ಷ ನೀ ಅಂವನ್ನ ನೋಡಿದಿ. ಈಗ ಪಾಳಿ ಬದಲಿ ಆಗೇದ ಅಂತ ತಿಳಿ. ಗಿರಣಿಯಾಗ ಆಗೂದಿಲ್ಲೇನು? ಈಗ ಅಂವಾ ನಿನ್ನ ನೋಡತಾನ. ನಿನ್ನ ಕೆಲಸ ಅಂದ್ರ ಅಲಗಾಡದ ಮಲಗೂದು. ಅಂವಗ ಸರಿಯಾಗಿ ಕಾಣಬೇಕಲ್ಲ?"

ಆಯಿ ಅಂಗೈಯನ್ನು ಚಾಚಿದಳು. ನಾನು ಕರಡಿಗೆ ಬಿಚ್ಚಿ ಲಿಂಗವನ್ನಿಟ್ಟೆ. ಕಣ್ಣಿನ ಪಟ್ಟಿಯೊಂದಿಗೆ, ಮರಳಿನ ಚೀಲಗಳ ನಡುವೆ, ತನ್ನನ್ನು ಯಾರೋ ನೋಡುತ್ತಿದ್ದಾರೆಂಬಂತೆ ಮುಖವನ್ನು ನೆಟ್ಟಗೆ ಮಾಡಿಕೊಂಡಳು. ಸೆರಗನ್ನೂ ಸರಿಪಡಿಸಿಕೊಂಡಳು. ಡಬ್ಬಿಯಿಂದ ರೊಟ್ಟಿಯನ್ನು ಹಾಲಿನಲ್ಲಿ ಕಿವುಚಿ ತಿನ್ನಿಸಿದೆ.

ಅದರ ಮರುದಿನವೋ ಮತ್ತೊಂದು ದಿನವೋ, ಚಮಚದ ಹಬೆ ಹಿಡಿದಿರುವಾಗ ಆಯಿ ಅಂದಳು: "ಕಿಟಕಿ ತಗದಿಯೇನು? ಬಲಕ್ಕ ಕೆಂಪಗ ಬೆಳಕ ಬರಾಕತ್ತೇತಿ." ಕಿಟಕಿ ಬೆಳಗಿನಿಂದ ತೆರೆದೇ ಇತ್ತು. ನಾನು ಚಮಚವನ್ನು ನೀರಿಗೆ ಬಿಟ್ಟು ಸಿಸ್ಟರನ್ನು ಕರೆಯಲು ಓಡಿದೆ. ಕಾರಿಡಾರಿನಲ್ಲಿ ಅಷ್ಟು ಜನರೆದುರು "ಸಿಸ್ಟರ್!" ಎಂದು ಕೂಗಿದ್ದು ನಾನೇ.

ಡಾಕ್ಟರು ಟಾರ್ಚು ಹಿಡಿದರು. ಮೊಸರಿನ ಗೆರೆ ದಾರದಷ್ಟು ಸಣ್ಣದಾಗಿತ್ತು. ಅದು ಪೂರ್ತಿ ಕರಗಿದ ಮೇಲೆ ಅವರು ಬೀರುವಿನಿಂದ ಒಂದು ಪುಟ್ಟ ಬಾಟಲಿ ತೆಗೆದರು. ಕಾರ್ಟಿಸೋನ್, ವಿಲಾಯತಿಯ ಹೊಸ ಔಷಧ. ಕೀವು ಇದ್ದಾಗ ಇದನ್ನು ಹಾಕಿದರೆ ಕೇಡು, ಕೀವು ಹೋದ ಮೇಲೆ ಇದರಂಥದ್ದು ಇಲ್ಲ ಎಂದರು. ಆ ಹನಿಗಳಿಂದ ಕಣ್ಣಿನ ಕೆಂಪು ದಿನದಿಂದ ದಿನಕ್ಕೆ ಇಳಿಯಿತು. ಪಾಪೆ ಒಂದು ಬದಿಗೆ ಸ್ವಲ್ಪ ಎಳೆದುಕೊಂಡೇ ಉಳಿಯಿತು. ಮೊದಲು ಅಂದುಕೊಂಡಷ್ಟು ನೋಟ ಬರುವುದಿಲ್ಲ, ಆದರೆ ಕಣ್ಣು ಉಳಿಯಿತು ಎಂದು ಡಾಕ್ಟರು ಹೇಳಿದಾಗ ಆಯಿ ಅವರ ಕೈಯನ್ನು ತಡವಿ ಹಿಡಿದು ಹಣೆಗೊತ್ತಿಕೊಂಡಳು. ಅವರಿಗೆ ಮುಜುಗರವಾಗಿ ಟೋಪಿ ಸರಿಪಡಿಸಿಕೊಂಡರು.

ಕನ್ನಡಕ ಬಂದದ್ದು ಎಷ್ಟೋ ವಾರಗಳ ಮೇಲೆ. ಗಾಜು ಗೋಲಿಯಷ್ಟು ದಪ್ಪ. ಅಪ್ಪ ಅದನ್ನು ಶನಿವಾರ ತಂದರು. ಭಾನುವಾರ ಬೆಳಿಗ್ಗೆ ಆಯಿ ಸ್ನಾನ ಮಾಡಿ, ಗೋಡೆಗೆ ಮುಖ ಮಾಡಿ ಕುಳಿತು, ಕನ್ನಡಕ ಏರಿಸಿದಳು. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಅಪ್ಪ ಪೇಪರಿನ ಮೇಲಿಂದ ನೋಡುತ್ತಿದ್ದರು. ಆಯಿ ಅಂಗೈಯನ್ನು ಹತ್ತಿರ ತಂದಳು, ದೂರ ಒಯ್ದಳು, ಮತ್ತೆ ಹತ್ತಿರ ತಂದಳು.

"ಬಸವಂತಾ! ಎಷ್ಟ ದಪ್ಪ ಆಗ್ಯಾನೋ ಇಂವಾ!"

"ದಪ್ಪ ಗಾಜಿನ ಚಾಳೀಸ ಎವ್ವಾ. ಎಲ್ಲಾ ದೊಡ್ಡದ ಕಾಣತದ."

"ಗಾಜ ಇಲ್ಲ ಏನಿಲ್ಲ. ದವಾಖಾನ್ಯಾಗ ನಾ ಉಪಾಸ ಬಿದ್ದೆ, ಇಂವಾ ಮೈ ತುಂಬಿಕೊಂಡ."

ಅವ್ವ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ಆಯಿ ನಗಲಿಲ್ಲ. ಆಕೆ ನೋಡತೊಡಗಿದ್ದಳು. ಮೊದಲಿನಂತೆಯೇ, ಅಲುಗದೆ. ಅಪ್ಪ ಪೇಪರು ಓದಿ ಮುಗಿಸಿದರು. ಕೆಳಗೆ ನಲ್ಲಿಯ ಸಾಲಿನಲ್ಲಿ ಹೆಂಗಸರ ಜಗಳ ಎದ್ದು ತಣ್ಣಗಾಯಿತು. ನೋಟ ಮುಗಿದ ಮೇಲೆ ಲಿಂಗವನ್ನು ಕರಡಿಗೆಗೆ ಸೇರಿಸಿ, ಎದ್ದು ಖೋಲಿಯನ್ನೊಮ್ಮೆ ಸುತ್ತಿದಳು. ಗೋಡೆ ಮುಟ್ಟಿದಳು. "ಮನಿನೂ ದೊಡ್ಡದಾಗೇತಿ. ಬಾಡಿಗಿ ಮಾಲಕಗ ಹೇಳಬ್ಯಾಡ," ಎಂದಳು. ಮರಳಿ ಕುಳಿತು ನೀರಿನ ತಂಬಿಗೆಗೆ ಕೈ ಚಾಚಿ, ಅದರ ಈಚೆಗೇ ಗಾಳಿಯನ್ನು ಹಿಡಿದಳು. ಎರಡನೆಯ ಸಲಕ್ಕೆ ಸಿಕ್ಕಿತು.

"ಎಡಗಣ್ಣಿಗಿ ಯಾವಾಗ ಬಾ ಅಂದಾನ ಆ ಪಾರಶ್ಯಾ?"

"ದೀಪಾವಳಿ ಆದ ಮ್ಯಾಲ," ಎಂದರು ಅಪ್ಪ. "ಯಾಕ, ಹೋಗ್ತಿಯೇನು ಮತ್ತ?"

"ಹೋಗೂಣು. ಅಲ್ಲಿತನಾ ಇದರಲೆ ನೋಡೂದ ಬಾಕಿ ಭಾಳ ಅದ." ನನ್ನ ಕಡೆ ತಿರುಗಿದಳು. "ಬಾ ಇಲ್ಲೆ. ಬೆಳಕಿಗಿ ಕುಂಡ್ರು."

ಎದುರಿಗೆ ಕುಳಿತೆ. ಗಲ್ಲ ಹಿಡಿದು ಮುಖವನ್ನು ಬಾಗಿಲ ಕಡೆಗೆ ತಿರುಗಿಸಿದಳು. ದಪ್ಪ ಗಾಜಿನ ಹಿಂದೆ ಆಕೆಯ ಬಲಗಣ್ಣು ಬಹಳ ದೊಡ್ಡದಾಗಿ, ಪಾಪೆ ಸ್ವಲ್ಪ ಸೊಟ್ಟಗೆ, ನನ್ನ ಮೇಲೆ ನಿಂತಿತು. ಯಾರಾದರೂ ನೋಡಿದರೆ ತಲೆ ತಗ್ಗಿಸುವವಳು ನಾನು. ಕಾಲೇಜಿನಲ್ಲಿ ಎಲ್ಲಕ್ಕೂ ಹಿಂದಿನ ಬೆಂಚು. ಅಂಗೈಯಾಚೆಗಿನ ನಾನು ಎಷ್ಟೋ ವರ್ಷ ಆಯಿಗೆ ಬರಿ ದನಿಯಾಗಿ, ಹೆಜ್ಜೆಯ ಸಪ್ಪಳವಾಗಿ ಇದ್ದೆನೆಂಬುದು ಆಗ ಹೊಳೆಯಿತು. ತಲೆ ತಗ್ಗಿಸಲಿಲ್ಲ.

"ಗಲ್ಲದ ಮ್ಯಾಲ ಈ ಮಚ್ಚಿ ಎಂದ ಬಂತು?"

"ಹುಟ್ಟಿದಾಗಿಂದ ಅದ ಆಯಿ."

"ಸುಳ್ಳ. ನಾ ನೋಡಿಲ್ಲ."

ಒಲೆಯ ಮುಂದಿನಿಂದ ಅವ್ವ ಕರೆದಳು: "ಅತ್ತೀ, ಪೂಜಿ ಮುಗೀತಲ್ಲ, ಬರ್ರಿ. ರೊಟ್ಟಿ ಆರಾಕತ್ತಾವು."

"ಆರಲಿ ತಡಿ," ಎಂದಳು ಆಯಿ, ನನ್ನ ಗಲ್ಲ ಬಿಡದೆ.